ಆ ಟಾರ್ಪೆಡೊ ವಿಮಾನದಲ್ಲಿ ಯಾರ್ಯಾರಿದ್ದರು? ಒಂದು ಸಿಬ್ಬಂದಿಯ ದಾಖಲೆ ಕಟ್ಟುವ ಬಗೆ

1941ರ ಏಪ್ರಿಲ್ 6ರ ಬೆಳಗಿನ ಜಾವ, ಫ್ರಾನ್ಸಿನ ಬ್ರೆಸ್ಟ್ ಬಂದರಿನೊಳಗೆ ನಿಂತಿದ್ದ ಜರ್ಮನ್ ಯುದ್ಧನೌಕೆ ಗ್ನೈಸೆನಾವ್ ಮೇಲೆ ಬ್ರಿಟಿಷ್ ವಾಯುಪಡೆಯ ಒಂದೇ ಒಂದು ಬೋಫರ್ಟ್ ವಿಮಾನ ನುಗ್ಗಿ ಟಾರ್ಪೆಡೊ ಬಿಟ್ಟಿತು. ನೌಕೆ ತಿಂಗಳುಗಟ್ಟಲೆ ದುರಸ್ತಿಗೆ ಹೋಯಿತು, ವಿಮಾನ ಮರಳಲಿಲ್ಲ. ಪೈಲಟ್ ಕೆನೆತ್ ಕ್ಯಾಂಬೆಲ್‌ಗೆ ಮರಣೋತ್ತರವಾಗಿ ಬ್ರಿಟನ್ನಿನ ಅತ್ಯುನ್ನತ ಶೌರ್ಯ ಪದಕ ವಿಕ್ಟೋರಿಯಾ ಕ್ರಾಸ್ ಬಂತು. ಈ ದಾಳಿಯನ್ನು ಬಲ್ಲವರೆಲ್ಲ ಆ ಹೆಸರನ್ನು ಹೇಳುತ್ತಾರೆ. ಅದೇ ವಿಮಾನದಲ್ಲಿದ್ದ ಸ್ಕಾಟ್, ಹಿಲ್‌ಮನ್, ಮಲ್ಲಿಸ್ ಎಂಬ ಮೂವರು ಸಾರ್ಜೆಂಟ್‌ಗಳ ಹೆಸರು ಬಾಯಿಗೆ ಬರುವುದು ಅಪರೂಪ.

ಎರಡನೇ ಮಹಾಯುದ್ಧದ ಟಾರ್ಪೆಡೊ ವಿಮಾನಗಳ ನೆನಪು ಬಹುತೇಕ ಹೀಗೇ ಉಳಿದಿದೆ. ಪೈಲಟ್‌ನ ಹೆಸರು, ನೌಕೆಯ ಹೆಸರು ಉಳಿದವು, ಹಿಂದೆ ಕೂತಿದ್ದವರ ಹೆಸರು ಕಡತಗಳಲ್ಲೇ ಉಳಿಯಿತು. ಆದ್ದರಿಂದ ಸ್ಮರಣೆಯ ಕೆಲಸಕ್ಕೆ ಕೈ ಹಾಕುವವರು ಒಬ್ಬ ವ್ಯಕ್ತಿಯನ್ನಲ್ಲ, ಒಂದು ವಿಮಾನವನ್ನು ಘಟಕವಾಗಿ ಹಿಡಿಯಬೇಕು. ಒಂದು ದಿನ, ಒಂದು ಹಾರಾಟ, ಅದರಲ್ಲಿದ್ದ ಅಷ್ಟೂ ಜನ. ಅಂಥ ದಾಖಲೆಯನ್ನು ತಪ್ಪಿಲ್ಲದೆ ಕಟ್ಟುವುದು ಹೇಗೆ, ಎಲ್ಲಿ ಎಡವುವ ಸಾಧ್ಯತೆ ಹೆಚ್ಚು ಎಂಬುದನ್ನು ಇಲ್ಲಿ ನೋಡೋಣ.

ಮೊದಲು ದಾಳಿಯ ರೀತಿ ತಿಳಿದಿರಲಿ

ಕಡತ ತೆರೆಯುವ ಮುನ್ನ ಟಾರ್ಪೆಡೊ ದಾಳಿ ಹೇಗೆ ನಡೆಯುತ್ತಿತ್ತು ಎಂಬುದು ಗೊತ್ತಿರಬೇಕು. ಇಲ್ಲದಿದ್ದರೆ ವರದಿಯ ಅರ್ಧ ಸಾಲುಗಳು ಅರ್ಥವಾಗುವುದಿಲ್ಲ. ಬ್ರಿಟನ್ನಿನ 18 ಇಂಚಿನ ವೈಮಾನಿಕ ಟಾರ್ಪೆಡೊ ಸುಮಾರು 700 ಕಿಲೊ ತೂಗುತ್ತಿತ್ತು. ನೀರಿನಲ್ಲಿ 40 ನಾಟ್ ವೇಗದಲ್ಲಿ ಸುಮಾರು 1,500 ಗಜ ಓಡುತ್ತಿತ್ತು. ಅದನ್ನು ಬಿಡುವಾಗ ವಿಮಾನ ನೀರಿನಿಂದ 18 ಮೀಟರ್ ಆಸುಪಾಸಿನಲ್ಲಿ, ನೇರವಾಗಿ, ರೆಕ್ಕೆ ಸಮತಟ್ಟಾಗಿ, ಒಂದೇ ವೇಗದಲ್ಲಿ ಹಾರಬೇಕಿತ್ತು. ಹೆಚ್ಚು ಎತ್ತರದಿಂದ ಬಿಟ್ಟರೆ ಟಾರ್ಪೆಡೊ ನೀರಿಗೆ ಬಡಿದು ಒಡೆಯಬಹುದು, ಇಲ್ಲವೇ ಆಳಕ್ಕೆ ಮುಳುಗಿ ತಳ ಸೇರಬಹುದು. ರೆಕ್ಕೆ ಓರೆಯಾಗಿದ್ದರೆ ನೀರೊಳಗೆ ದಾರಿ ತಪ್ಪುತ್ತದೆ. ತೀರಾ ಹತ್ತಿರದಿಂದ ಬಿಟ್ಟರೆ, ಮೂತಿಯಲ್ಲಿರುವ ಪುಟ್ಟ ಸುರಕ್ಷಾ ಚಕ್ರ ಸಾಕಷ್ಟು ಸುತ್ತು ತಿರುಗಿರುವುದಿಲ್ಲ. ಆಗ ಗುರಿಗೆ ತಾಗಿದರೂ ಸಿಡಿಯುವುದಿಲ್ಲ.

ಇನ್ನೊಂದು ಲೆಕ್ಕವನ್ನೂ ಹಾಕಿ ನೋಡಿ. 40 ನಾಟ್ ಎಂದರೆ ಸೆಕೆಂಡಿಗೆ ಸುಮಾರು 20 ಮೀಟರ್. 900 ಮೀಟರ್ ದೂರದಿಂದ ಬಿಟ್ಟ ಟಾರ್ಪೆಡೊ ಗುರಿ ಮುಟ್ಟಲು ಮುಕ್ಕಾಲು ನಿಮಿಷ ತೆಗೆದುಕೊಳ್ಳುತ್ತದೆ. ಅಷ್ಟರಲ್ಲಿ ನೌಕೆ ತಿರುಗಿಬಿಡುತ್ತದೆ. ಅದಕ್ಕೇ ನೌಕೆಯ ಮೂತಿಯ ಎರಡೂ ಕಡೆಯಿಂದ ಒಟ್ಟಿಗೆ ದಾಳಿ ಮಾಡುವ ಕ್ರಮವಿತ್ತು. ಎತ್ತ ತಿರುಗಿದರೂ ಒಂದು ಗುಂಪಿಗೆ ಅದರ ಅಗಲವಾದ ಪಕ್ಕ ಸಿಗಬೇಕು. ಆದರೆ ಎರಡು ಗುಂಪು ಒಂದೇ ಕ್ಷಣಕ್ಕೆ ಬಂದು ಸೇರುವುದು ಕಷ್ಟ. ಒಂಟಿಯಾಗಿ ಬಂದ ಗುಂಪಿನ ಮೇಲೆ ಅಷ್ಟೂ ತೋಪುಗಳ ಗುರಿ ಬೀಳುತ್ತಿತ್ತು.

ಇದರ ಫಲ ಅಂಕಿಗಳಲ್ಲಿದೆ. 1942ರ ನವೆಂಬರ್‌ನಲ್ಲಿ ಬ್ರಿಟಿಷ್ ವಾಯುಪಡೆಯ ಮುಖ್ಯ ಕಚೇರಿ ಹಾಕಿದ ಲೆಕ್ಕದ ಪ್ರಕಾರ ಟಾರ್ಪೆಡೊ ವಿಮಾನದ ಸಿಬ್ಬಂದಿ ಮೊದಲ ಸುತ್ತಿನ ಸೇವೆ (ಒಬ್ಬರಿಗೆ ನಿಗದಿಯಾದ ಯುದ್ಧ ಹಾರಾಟಗಳ ಅವಧಿ) ಮುಗಿಸಿ ಬದುಕುಳಿಯುವ ಸಾಧ್ಯತೆ ಶೇ 17.5. ಎರಡನೇ ಸುತ್ತನ್ನೂ ಮುಗಿಸುವ ಸಾಧ್ಯತೆ ಶೇ 3. ಅದೇ ಪಟ್ಟಿಯಲ್ಲಿ ಭಾರಿ ಮತ್ತು ಮಧ್ಯಮ ಬಾಂಬರ್‌ಗಳಿಗೆ ಶೇ 44 ಮತ್ತು ಶೇ 19.5 ಎಂದಿದೆ. ಬಾಂಬರ್ ಕಮಾಂಡಿನ ಸಾವುನೋವಿನ ಬಗ್ಗೆ ಓದಿರುವವರು ಈ ಎರಡು ಸಾಲುಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು.

ಹೆಸರಿನಿಂದ ಶುರು: ಮೃತರ ಪಟ್ಟಿ ಓದುವುದು

ಬ್ರಿಟನ್ ಮತ್ತು ಕಾಮನ್‌ವೆಲ್ತ್ ದೇಶಗಳ ಮೃತರಿಗೆ ಕಾಮನ್‌ವೆಲ್ತ್ ಯುದ್ಧಸಮಾಧಿ ಆಯೋಗದ ಉಚಿತ ದತ್ತಾಂಶವೇ ಮೊದಲ ಬಾಗಿಲು. ಹೆಸರು, ಸೇವಾ ಸಂಖ್ಯೆ, ದರ್ಜೆ, ಘಟಕ, ಸತ್ತ ದಿನ, ಸಮಾಧಿ ಅಥವಾ ಸ್ಮಾರಕದ ಫಲಕ ಸಂಖ್ಯೆ, ಕೆಲವೊಮ್ಮೆ ತಂದೆತಾಯಿಯ ಹೆಸರು ಅಲ್ಲಿ ಸಿಗುತ್ತವೆ. ಇವುಗಳಲ್ಲಿ ಸೇವಾ ಸಂಖ್ಯೆಯನ್ನು ಎಲ್ಲಕ್ಕಿಂತ ಮೊದಲು ಬರೆದುಕೊಳ್ಳಿ. ಒಂದೇ ಹೆಸರಿನ ಇಬ್ಬರು ಮೂವರು ಇರುವುದು ತೀರಾ ಸಾಮಾನ್ಯ, ಸಂಖ್ಯೆ ಮಾತ್ರ ಒಬ್ಬರದೇ.

ಸಮಾಧಿ ಇಲ್ಲದವರ ಹೆಸರು ಯಾವ ಸ್ಮಾರಕದಲ್ಲಿದೆ ಎಂಬುದೇ ಒಂದು ಸುಳಿವು. ಬ್ರಿಟನ್ ಮತ್ತು ವಾಯವ್ಯ ಯುರೋಪಿನ ನೆಲೆಗಳಿಂದ ಹಾರಿ ಕಾಣೆಯಾದ ವಾಯುಪಡೆಯವರು ರನ್ನಿಮೀಡ್ ಸ್ಮಾರಕದಲ್ಲಿದ್ದಾರೆ. 1953ರ ಅಕ್ಟೋಬರ್ 17ರಂದು ಎರಡನೇ ಎಲಿಜಬೆತ್ ರಾಣಿ ಉದ್ಘಾಟಿಸಿದ ಅಲ್ಲಿ 20,000ಕ್ಕೂ ಹೆಚ್ಚು ಹೆಸರುಗಳಿವೆ. ಮಾಲ್ಟಾದಿಂದ ಮೆಡಿಟರೇನಿಯನ್‌ ಮೇಲೆ ಹಾರಿ ಕಾಣೆಯಾದ ಬೋಫರ್ಟ್ ಸಿಬ್ಬಂದಿಯನ್ನು ಫ್ಲೋರಿಯಾನಾದ ಮಾಲ್ಟಾ ಸ್ಮಾರಕದಲ್ಲಿ ಹುಡುಕಿ. ಮೇಲೆ ಚಿನ್ನದ ಬಣ್ಣದ ಹದ್ದು ಕೂತ ಎತ್ತರದ ಕಂಬ ಅದು, ಹೆಸರುಗಳು ಬುಡದಲ್ಲಿವೆ. ಆಗ್ನೇಯ ಏಷ್ಯಾದವರು ಸಿಂಗಪುರದ ಕ್ರಾಂಜಿಯಲ್ಲಿದ್ದಾರೆ. ನೌಕಾಪಡೆಯ ವೈಮಾನಿಕ ಶಾಖೆಯಾದ ಫ್ಲೀಟ್ ಏರ್ ಆರ್ಮ್‌ನವರು, ಅಂದರೆ ಸ್ವೋರ್ಡ್‌ಫಿಶ್, ಆಲ್ಬಕೋರ್, ಬ್ಯಾರಕುಡಾ ಹಾರಿಸಿದವರು, ಲೀ-ಆನ್-ಸೋಲೆಂಟ್ ಸ್ಮಾರಕದಲ್ಲಿದ್ದಾರೆ.

ಫ್ಲೀಟ್ ಏರ್ ಆರ್ಮ್ ಹೆಸರುಗಳಲ್ಲಿ ಒಂದು ಬಲೆ ಇದೆ. ಘಟಕದ ಜಾಗದಲ್ಲಿ 'ಎಚ್‌ಎಂಎಸ್ ಡೀಡಲಸ್', 'ಎಚ್‌ಎಂಎಸ್ ಜಾಕ್‌ಡಾ', 'ಎಚ್‌ಎಂಎಸ್ ಸ್ಪ್ಯಾರೊಹಾಕ್' ಎಂದೆಲ್ಲ ಕಾಣುತ್ತದೆ. ಇವು ನೌಕೆಗಳಲ್ಲ, ನೆಲದ ಮೇಲಿನ ವಾಯುನೆಲೆಗಳು. ಜಾಕ್‌ಡಾ ಎಂದರೆ ಸ್ಕಾಟ್‌ಲೆಂಡಿನ ಕ್ರೇಲ್, ಟಾರ್ಪೆಡೊ ತರಬೇತಿಯ ನೆಲೆ. ಡೀಡಲಸ್ ಎಂದರೆ ಲೀ-ಆನ್-ಸೋಲೆಂಟ್. ಬ್ರಿಟಿಷ್ ನೌಕಾಪಡೆ ನೆಲದ ನೆಲೆಗಳಿಗೂ ಹಡಗಿನ ಹೆಸರು ಇಡುತ್ತಿತ್ತು, ಹಲವರ ಹೆಸರು ಅಂಥ ನೆಲೆಯ ಪುಸ್ತಕದಲ್ಲೇ ಇರುತ್ತಿತ್ತು. 'ಡೀಡಲಸ್ ನೌಕೆ ಮುಳುಗಿ ಸತ್ತರು' ಎಂದು ಬರೆದ ಕುಟುಂಬ ಚರಿತ್ರೆಗಳು ಹುಟ್ಟುವುದು ಇಲ್ಲಿಂದಲೇ.

ಅಮೆರಿಕದವರಿಗೆ ಅಮೆರಿಕನ್ ಯುದ್ಧಸ್ಮಾರಕ ಆಯೋಗದ ದತ್ತಾಂಶ ನೋಡಬೇಕು. ಪೆಸಿಫಿಕ್‌ನಲ್ಲಿ ಕಾಣೆಯಾದ ನೌಕಾ ವೈಮಾನಿಕರಲ್ಲಿ ಬಹಳಷ್ಟು ಮಂದಿ ಹೊನೊಲುಲು ಸ್ಮಾರಕದ 'ಕಾಣೆಯಾದವರ ಅಂಗಳ'ಗಳಲ್ಲಿದ್ದಾರೆ. ಹೆಸರಿನ ಪಕ್ಕ ಪುಟ್ಟ ಹೂವಿನಾಕಾರದ ಗುರುತು ಇದ್ದರೆ, ಆ ವ್ಯಕ್ತಿಯ ಅವಶೇಷ ಆಮೇಲೆ ಸಿಕ್ಕಿ ಗುರುತಿಸಲಾಗಿದೆ ಎಂದು ಅರ್ಥ. ಇಲ್ಲಿನ ಬಲೆ ಸತ್ತ ದಿನಾಂಕದಲ್ಲಿದೆ. ಕಾಣೆಯಾದವರನ್ನು ಒಂದು ವರ್ಷ ಕಾದು, ಮರುದಿನ ಮೃತರೆಂದು ಘೋಷಿಸುವ ಪದ್ಧತಿ ಇತ್ತು. ಹಾಗಾಗಿ 1942ರ ಜೂನ್‌ನಲ್ಲಿ ಬಿದ್ದ ವಿಮಾನದವರ ದಾಖಲೆಯಲ್ಲಿ 1943ರ ಜೂನ್ ಎಂದು ಇರಬಹುದು. ವರ್ಷ ಮತ್ತು ಒಂದು ದಿನದ ಅಂತರ ಕಂಡ ಕೂಡಲೇ ಸತ್ತ ದಿನವಲ್ಲ, ಕಡತ ಮುಚ್ಚಿದ ದಿನ ಎಂದು ತಿಳಿಯಿರಿ. ಎರಡೂ ದಿನಾಂಕಗಳನ್ನು ದಾಖಲಿಸಿ, ಯಾವುದು ಯಾವುದೆಂದು ಹೇಳಿ.

ಜೊತೆಗಾರರನ್ನು ಹುಡುಕುವುದು

ಒಂದೇ ಸ್ಕ್ವಾಡ್ರನ್ (ವಿಮಾನದಳ), ಒಂದೇ ದಿನ ಎಂದು ಹುಡುಕಿದರೆ ಹೆಸರುಗಳು ಬರುತ್ತವೆ. ಅಷ್ಟಕ್ಕೇ ಅವರೆಲ್ಲ ಒಂದೇ ವಿಮಾನದಲ್ಲಿದ್ದರು ಎನ್ನಬೇಡಿ. ಟಾರ್ಪೆಡೊ ಸ್ಕ್ವಾಡ್ರನ್‌ಗಳು ಒಂದೇ ದಾಳಿಯಲ್ಲಿ ಮೂರು ನಾಲ್ಕು ವಿಮಾನ ಕಳೆದುಕೊಂಡದ್ದುಂಟು. ಯಾರು ಯಾವುದರಲ್ಲಿದ್ದರು ಎಂದು ಹೇಳುವುದು ಸ್ಕ್ವಾಡ್ರನ್ನಿನ ಕಾರ್ಯಾಚರಣೆ ದಾಖಲೆ ಪುಸ್ತಕ ಮಾತ್ರ. ಬ್ರಿಟಿಷ್ ವಾಯುಪಡೆಯ ಈ ಪುಸ್ತಕಗಳು ಲಂಡನ್ನಿನ ಕ್ಯೂನಲ್ಲಿರುವ ರಾಷ್ಟ್ರೀಯ ಪತ್ರಾಗಾರದಲ್ಲಿ 'ಏರ್ 27' ಸರಣಿಯಲ್ಲಿವೆ. ಡಿಜಿಟಲ್ ಪ್ರತಿಯೂ ಸಿಗುತ್ತದೆ. ಇದರಲ್ಲಿ ಎರಡು ನಮೂನೆಗಳಿವೆ. 540 ಎಂಬುದು ದಿನದ ಸಾರಾಂಶ. 541ರಲ್ಲಿ ವಿಮಾನದ ಸಂಖ್ಯೆ, ಅದರಲ್ಲಿದ್ದವರ ಹೆಸರು, ಹೊರಟ ಹೊತ್ತು, ಇಳಿದ ಹೊತ್ತು ಇರುತ್ತವೆ. 540 ಮಾತ್ರ ಓದಿ ಸುಮ್ಮನಾಗುವವರು ಬಹಳ. ನಮಗೆ ಬೇಕಾದ್ದು 541. ಇಳಿದ ಹೊತ್ತಿನ ಕಾಲಂ ಖಾಲಿಯಿದ್ದರೆ, ಅಥವಾ ಅಲ್ಲಿ 'ಮರಳಲಿಲ್ಲ' ಎಂದಿದ್ದರೆ, ಆ ಸಾಲಿನ ಹೆಸರುಗಳೇ ನಿಮ್ಮ ಸಿಬ್ಬಂದಿ.

ಫ್ಲೀಟ್ ಏರ್ ಆರ್ಮ್‌ನ ಪುಸ್ತಕಗಳು 'ಎಡಿಎಂ 207'ರಲ್ಲಿವೆ, ಆದರೆ ಎಲ್ಲ ಸ್ಕ್ವಾಡ್ರನ್‌ಗಳದ್ದೂ ಉಳಿದಿಲ್ಲ. ಇಲ್ಲದಿದ್ದರೆ 'ಎಡಿಎಂ 199'ರಲ್ಲಿರುವ ನೌಕೆಯ ಮತ್ತು ಕಾರ್ಯಾಚರಣೆಯ ವರದಿಗಳಿಗೆ ಹೋಗಬೇಕು. ಅಮೆರಿಕದ ನೌಕಾಪಡೆಯಲ್ಲಿ ಪ್ರತಿ ದಾಳಿಗೂ ವಿಮಾನ ಕಾರ್ಯಾಚರಣೆ ವರದಿ ಬರೆಯುವ ಅಚ್ಚುಕಟ್ಟಾದ ನಮೂನೆ ಯುದ್ಧದ ಎರಡನೇ ಅರ್ಧದಲ್ಲಿ ರೂಢಿಗೆ ಬಂತು. ಅದಕ್ಕೆ ಮೊದಲಿನದ್ದು ಬಿಡಿಬಿಡಿ ವರದಿಗಳು. ನೌಕಾಪಡೆಯವರ ವೈಯಕ್ತಿಕ ಸೇವಾ ಕಡತಗಳು ಸೇಂಟ್ ಲೂಯಿಸ್‌ನಲ್ಲಿವೆ. ಅಲ್ಲಿ 1973ರಲ್ಲಿ ಬಿದ್ದ ಬೆಂಕಿಯಲ್ಲಿ ಸುಟ್ಟದ್ದು ಭೂಸೇನೆ ಮತ್ತು ವಾಯುಪಡೆಯ ಕಡತಗಳು, ನೌಕಾಪಡೆಯವಲ್ಲ. 'ಎಲ್ಲ ಸುಟ್ಟುಹೋಯಿತು' ಎಂಬ ಮಾತನ್ನು ನಂಬಿ ಕೈಬಿಡಬೇಡಿ.

ಜಪಾನಿನ ವಿಮಾನವಾಹಕ ನೌಕೆಗಳ ವಿಮಾನಗಳಿಗೆ 'ಹಿಕೋಕಿತಾಯ್ ಸೆಂತೋ ಕೋದೋ ಚೋಶೋ' ಎಂಬ ಕಾರ್ಯಾಚರಣೆ ಪಟ್ಟಿಗಳಿವೆ. ಪ್ರತಿ ವಿಮಾನದ ಸಿಬ್ಬಂದಿಯ ಹೆಸರು, ಸ್ಥಾನ, ಮದ್ದುಗುಂಡಿನ ಖರ್ಚು, ಸಾವುನೋವು ಅದರಲ್ಲಿ ಇರುತ್ತವೆ. ಏಷ್ಯಾ ಐತಿಹಾಸಿಕ ದಾಖಲೆಗಳ ಜಪಾನ್ ಕೇಂದ್ರದ ಜಾಲತಾಣದಲ್ಲಿ ಇವನ್ನು ಉಚಿತವಾಗಿ ನೋಡಬಹುದು. ಹೆಸರಿನ ಕಾಂಜಿ ಅಕ್ಷರಗಳನ್ನು ಎರಡು ಮೂರು ಬಗೆಯಲ್ಲಿ ಉಚ್ಚರಿಸಲು ಸಾಧ್ಯ. ಆದ್ದರಿಂದ ಉಚ್ಚಾರ ಖಚಿತವಾಗುವ ತನಕ ಮೂಲ ಅಕ್ಷರಗಳನ್ನೇ ನಿಮ್ಮ ದಾಖಲೆಯ ಕಾರ್ಡಿನಲ್ಲಿ (ಮಾದರಿ ಮುಂದಿದೆ) ಉಳಿಸಿಕೊಳ್ಳಿ. ಸತ್ತ ಮೇಲೆ ದರ್ಜೆ ಏರಿಸುವ ಪದ್ಧತಿಯೂ ಅಲ್ಲಿತ್ತು. ಪಟ್ಟಿಯ ದರ್ಜೆ, ಸಮಾಧಿಯ ದರ್ಜೆ ಬೇರೆಯಾಗಿದ್ದರೆ ಬೇರೆ ವ್ಯಕ್ತಿ ಎಂದು ಗಾಬರಿಯಾಗಬೇಕಿಲ್ಲ.

ಆಸನದ ಲೆಕ್ಕ ನಂಬಬೇಡಿ

ಸ್ವೋರ್ಡ್‌ಫಿಶ್‌ನಲ್ಲಿ ಮೂವರು: ಮುಂದೆ ಪೈಲಟ್, ನಡುವೆ ನಕಾಶೆ ಹಲಗೆ ಹಿಡಿದು ದಾರಿ ಲೆಕ್ಕ ಹಾಕುವ ಅಬ್ಸರ್ವರ್, ಹಿಂದೆ ವೈರ್‌ಲೆಸ್ ಮತ್ತು ಮೆಷಿನ್‌ಗನ್ ನೋಡಿಕೊಳ್ಳುವ ಟೆಲಿಗ್ರಾಫಿಸ್ಟ್ ಏರ್ ಗನ್ನರ್. ಬೋಫರ್ಟ್‌ನಲ್ಲಿ ನಾಲ್ವರು. ಬೋಫೈಟರ್‌ನಲ್ಲಿ ಇಬ್ಬರು. ಅಮೆರಿಕದ ಅವೆಂಜರ್‌ನಲ್ಲಿ ಮೂವರು, ಜಪಾನಿನ ನಕಾಜಿಮಾ ಬಿ5ಎನ್‌ನಲ್ಲಿ ಮೂವರು. ಈ ಲೆಕ್ಕ ಹುಡುಕಾಟದ ಆರಂಭಕ್ಕೆ ಸರಿ. ಕೊನೆಗೆ ಇದನ್ನೇ ನಂಬಿದರೆ ಇಲ್ಲದವರನ್ನು ಸೇರಿಸುತ್ತೀರಿ, ಇದ್ದವರನ್ನು ಬಿಡುತ್ತೀರಿ.

ಇಟಲಿಯ ಟರಾಂಟೊ ಬಂದರಿನ ಮೇಲಿನ ದಾಳಿ ನೋಡಿ. 1940ರ ನವೆಂಬರ್ 11ರ ರಾತ್ರಿ ಇಲಸ್ಟ್ರಿಯಸ್ ನೌಕೆಯಿಂದ 21 ಸ್ವೋರ್ಡ್‌ಫಿಶ್‌ಗಳು ಹೊರಟವು. ದೂರ ಹೆಚ್ಚಿದ್ದರಿಂದ ಟಾರ್ಪೆಡೊ ಹೊತ್ತ ವಿಮಾನಗಳಲ್ಲಿ ಅಬ್ಸರ್ವರ್ ಕೂರುವ ಜಾಗಕ್ಕೆ ಹೆಚ್ಚುವರಿ ಇಂಧನದ ಟ್ಯಾಂಕ್ ಕೂರಿಸಿದರು, ಅಬ್ಸರ್ವರ್ ಹಿಂದಿನ ಆಸನಕ್ಕೆ ಹೋದ, ಗನ್ನರ್‌ಗಳು ನೌಕೆಯಲ್ಲೇ ಉಳಿದರು. ವಿಮಾನಕ್ಕೆ ಇಬ್ಬರೇ. ಅಂದು ಮರಳದ ವಿಮಾನಗಳು ಎರಡು. ವಿಲಿಯಮ್‌ಸನ್ ಮತ್ತು ಸ್ಕಾರ್ಲೆಟ್ ಸೆರೆಯಾದರು, ಬೇಲಿ ಮತ್ತು ಸ್ಲಾಟರ್ ಸತ್ತರು. ಮೂರನೆಯವನನ್ನು ಹುಡುಕುತ್ತ ಕೂತರೆ ಆತ ಸಿಗುವುದೇ ಇಲ್ಲ.

ಪೆಸಿಫಿಕ್‌ನ ಮಿಡ್‌ವೇ ಕದನದಲ್ಲೂ ಅಷ್ಟೇ. ಅಮೆರಿಕದ ಡಿವಾಸ್ಟೇಟರ್ ಮೂವರು ಕೂರುವ ಟಾರ್ಪೆಡೊ ವಿಮಾನ. 1942ರ ಜೂನ್ 4ರಂದು ಹಾರ್ನೆಟ್ ನೌಕೆಯಿಂದ ಜಾನ್ ವಾಲ್ಡ್ರನ್ ನೇತೃತ್ವದಲ್ಲಿ ಹೊರಟ ಎಂಟನೇ ಟಾರ್ಪೆಡೊ ಸ್ಕ್ವಾಡ್ರನ್ನಿನ 15 ವಿಮಾನಗಳಲ್ಲಿ ಇದ್ದವರು 30 ಮಂದಿ, ವಿಮಾನಕ್ಕೆ ಇಬ್ಬರು. ಹದಿನೈದೂ ಬಿದ್ದವು. ಬದುಕಿದ್ದು ಜಾರ್ಜ್ ಗೇ ಒಬ್ಬರೇ. ಅದೇ ಸ್ಕ್ವಾಡ್ರನ್ನಿನ ಇನ್ನೊಂದು ತುಂಡು ಮಿಡ್‌ವೇ ದ್ವೀಪದಿಂದಲೇ ಆರು ಅವೆಂಜರ್‌ಗಳಲ್ಲಿ ಹೋಗಿತ್ತು, ಮರಳಿದ್ದು ಒಂದು. 'ಎಂಟನೇ ಸ್ಕ್ವಾಡ್ರನ್ನಿನಲ್ಲಿ ಒಬ್ಬರೇ ಬದುಕಿದರು' ಎಂದು ಬರೆಯುವವರು ಈ ಅವೆಂಜರ್‌ನಲ್ಲಿ ಮರಳಿದ ಬರ್ಟ್ ಅರ್ನೆಸ್ಟ್ ಮತ್ತು ಹ್ಯಾರಿ ಫೆರಿಯರ್ ಅವರನ್ನು, ಅವರ ಜೊತೆ ಹೋಗಿ ವಿಮಾನದಲ್ಲೇ ಸತ್ತ ಗನ್ನರ್ ಜೇ ಮ್ಯಾನಿಂಗ್‌ನನ್ನು ಮರೆತಿರುತ್ತಾರೆ.

ದಿನವೂ ಜೊತೆಗೆ ಹಾರುವವರೇ ಅಂದೂ ಹಾರಿದ್ದರು ಎನ್ನುವ ಊಹೆ ಕೂಡ ಅಪಾಯದ್ದೇ. 1944ರ ಸೆಪ್ಟೆಂಬರ್ 2ರಂದು ಚಿಚಿಜಿಮಾ ದ್ವೀಪದ ಬಳಿ ಬಿದ್ದ ಅವೆಂಜರ್‌ನ ಪೈಲಟ್ ಮುಂದೆ ಅಮೆರಿಕದ ಅಧ್ಯಕ್ಷರಾದ ಜಾರ್ಜ್ ಎಚ್. ಡಬ್ಲ್ಯು. ಬುಷ್. ಅವರ ಎಂದಿನ ಗನ್ನರ್ ಲಿಯೊ ನಾಡೊ. ಆ ದಿನ ಅವನ ಜಾಗದಲ್ಲಿ ಕೂತವರು ವಿಲಿಯಂ ವೈಟ್ ಎಂಬ ಅಧಿಕಾರಿ. ವೈಟ್ ಮತ್ತು ರೇಡಿಯೊಮನ್ ಜಾನ್ ಡಿಲೇನಿ ಇಬ್ಬರೂ ಸತ್ತರು. ಸ್ಕ್ವಾಡ್ರನ್ನಿನ ಹಳೆಯ ಗುಂಪುಚಿತ್ರ ನೋಡಿ ಹೆಸರು ತುಂಬಿದರೆ ಬದುಕಿದ್ದವನನ್ನು ಸಾಯಿಸಿದಂತಾಗುತ್ತದೆ.

ಏನಾಯಿತು ಎಂದು ಬರೆಯುವಾಗ

ಸಾವುನೋವಿನ ಕಡತ ಸಿಕ್ಕರೆ ಅದೃಷ್ಟ. ಬ್ರಿಟಿಷ್ ವಾಯುಪಡೆಯದ್ದು 'ಏರ್ 81', ನೌಕಾಪಡೆಯದ್ದು 'ಎಡಿಎಂ 358', ಆಸ್ಟ್ರೇಲಿಯಾದ್ದು ಅಲ್ಲಿನ ರಾಷ್ಟ್ರೀಯ ಪತ್ರಾಗಾರದ 'ಎ705'. ಮನೆಗೆ ಹೋದ ತಂತಿ, ತಾಯಿ ಬರೆದ ಪತ್ರ, ರೆಡ್‌ಕ್ರಾಸ್ ಮೂಲಕ ಬಂದ ಸುದ್ದಿ, ಯುದ್ಧ ಮುಗಿದ ಮೇಲೆ ಸಮಾಧಿ ತೆರೆದು ಗುರುತಿಸಿದವರ ವರದಿ, ಎಲ್ಲ ಅದರಲ್ಲಿರಬಹುದು. ತಾಯಂದಿರ ಪತ್ರಗಳನ್ನು ಇಡಿಯಾಗಿ ಪ್ರಕಟಿಸುವ ಆಸೆ ಬರುತ್ತದೆ. ಸಂಬಂಧಿಕರ ಒಪ್ಪಿಗೆ ಇಲ್ಲದೆ ಬೇಡ. ಪತ್ರದಿಂದ ಸಾಬೀತಾಗುವ ಸಂಗತಿಯನ್ನಷ್ಟೇ ತೆಗೆದುಕೊಂಡರೆ ಸಾಕು.

ಆಮೇಲೆ ಎದುರಾಳಿಯ ದಾಖಲೆಗೆ ತಾಳೆ ಹಾಕಿ. ಇಲ್ಲಿ ಗಡಿಯಾರ ಮೋಸ ಮಾಡುತ್ತದೆ. ಜಪಾನಿನ ನೌಕಾಪಡೆ ಎಲ್ಲಿದ್ದರೂ ಟೋಕಿಯೊ ಸಮಯವನ್ನೇ ಬರೆಯುತ್ತಿತ್ತು. ಪರ್ಲ್ ಹಾರ್ಬರ್ ದಾಳಿ ಹವಾಯಿಯಲ್ಲಿ 1941ರ ಡಿಸೆಂಬರ್ 7, ಜಪಾನಿನ ಕಡತದಲ್ಲಿ ಡಿಸೆಂಬರ್ 8. ಮಿಡ್‌ವೇಯ ಜೂನ್ 4ರ ಬೆಳಗು ಅಲ್ಲಿ ಜೂನ್ 5. ಬ್ರಿಟನ್ನಿನಲ್ಲಿ ಯುದ್ಧಕಾಲದ ಬೇಸಿಗೆ ಸಮಯ ಒಮ್ಮೆ ಒಂದು ಗಂಟೆ, ಒಮ್ಮೆ ಎರಡು ಗಂಟೆ ಮುಂದಿರುತ್ತಿತ್ತು. ಎಲ್ಲವನ್ನೂ ಮೊದಲು ಗ್ರೀನ್‌ವಿಚ್ ಸಮಯಕ್ಕೆ ಇಳಿಸಿ, ಆಮೇಲೆ ಹೋಲಿಸಿ.

'ಹೊಡೆಯಿತು', 'ಹೊಡೆಯಿತೆಂದು ವರದಿ ಮಾಡಿದರು', 'ದಾಳಿ ಮಾಡಿದರು' ಈ ಮೂರೂ ಬೇರೆ ಬೇರೆ. ಗುಂಡಿನ ಮಳೆಯಲ್ಲಿ ತಿರುಗಿ ಓಡುವ ವಿಮಾನದಿಂದ ನೋಡಿದವನಿಗೆ ನೀರಿನ ಎತ್ತರದ ಕಂಬವೊಂದು ಟಾರ್ಪೆಡೊ ಸ್ಫೋಟದಂತೆ ಕಾಣುವುದು ಸಹಜ. 1941ರ ಮೇ 26ರಂದು ಜರ್ಮನಿಯ ಬಿಸ್ಮಾರ್ಕ್ ನೌಕೆಯ ಚುಕ್ಕಾಣಿಗೆ ಪೆಟ್ಟು ಕೊಟ್ಟದ್ದು ಬ್ರಿಟನ್ನಿನ ವಿಮಾನವಾಹಕ ನೌಕೆ ಆರ್ಕ್ ರಾಯಲ್‌ನಿಂದ ಹೋದ 15 ಸ್ವೋರ್ಡ್‌ಫಿಶ್‌ಗಳಲ್ಲಿ ಒಂದು. ಯಾವುದು ಎಂಬ ವಾದ ಇಂದಿಗೂ ಮುಗಿದಿಲ್ಲ. ಒಬ್ಬ ಪೈಲಟ್‌ನ ಹೆಸರನ್ನೇ ಖಚಿತವೆಂಬಂತೆ ಕೆತ್ತಿಸುವುದಕ್ಕಿಂತ ಹದಿನೈದೂ ಸಿಬ್ಬಂದಿಯ ಹೆಸರು ಬರೆಯುವುದು ಹೆಚ್ಚು ನ್ಯಾಯ. ಅದೇ ದಿನ ಅದಕ್ಕೆ ಮುಂಚೆ ಹೋದ ಗುಂಪು ತಪ್ಪಾಗಿ ತಮ್ಮದೇ ನೌಕೆ ಶೆಫೀಲ್ಡ್ ಮೇಲೆ ದಾಳಿ ಮಾಡಿತ್ತು. ಕಾಂತೀಯ ಸಿಡಿಕೀಲು ಇದ್ದ ಟಾರ್ಪೆಡೊಗಳಲ್ಲಿ ಕೆಲವು ನೀರಿಗೆ ಬಿದ್ದಾಗಲೇ ಸಿಡಿದವು. ಆ ದೋಷ ಕಂಡದ್ದರಿಂದಲೇ ಎರಡನೇ ಗುಂಪಿಗೆ ತಾಗಿದಾಗ ಸಿಡಿಯುವ ಕೀಲು ಹಾಕಿದರು. ಇಂಥದ್ದನ್ನು ಮುಚ್ಚಿಡಬೇಡಿ. ಅಮೆರಿಕದ 13ನೇ ಮಾದರಿಯ ಟಾರ್ಪೆಡೊವನ್ನು 1942ರಲ್ಲಿ ಸುಮಾರು 15 ಮೀಟರ್ ಎತ್ತರದಿಂದ, 110 ನಾಟ್ ವೇಗದಲ್ಲಿ ಬಿಡಬೇಕಿತ್ತು. ಆಮೇಲೆ ಮೂತಿಗೆ ಮರದ ಕವಚ, ಬಾಲಕ್ಕೆ ಬಳೆ ಹಾಕಿದ ಮೇಲಷ್ಟೇ ಎಷ್ಟೋ ಪಟ್ಟು ಎತ್ತರದಿಂದ, ವೇಗವಾಗಿ ಬಿಡುವಂತಾಯಿತು. ಮಿಡ್‌ವೇಯಲ್ಲಿ ಸತ್ತವರು ಅಷ್ಟು ನಿಧಾನವಾಗಿ, ಅಷ್ಟು ತಗ್ಗಿನಲ್ಲಿ ಹಾರಿದ್ದು ಏಕೆಂದು ಓದುಗರಿಗೆ ತಿಳಿಯುವುದು ಈ ಸಾಲಿನಿಂದಲೇ.

ಟಾರ್ಪೆಡೊ ಹೋಗಿ ಮುಟ್ಟಿದ ಕಡೆಯನ್ನೂ ದಾಖಲೆಯಲ್ಲಿ ಸೇರಿಸಿ. 1941ರ ಡಿಸೆಂಬರ್ 10ರಂದು ಜಪಾನಿ ವಿಮಾನಗಳು ಬ್ರಿಟನ್ನಿನ ಪ್ರಿನ್ಸ್ ಆಫ್ ವೇಲ್ಸ್ ಮತ್ತು ರಿಪಲ್ಸ್ ನೌಕೆಗಳನ್ನು ಮುಳುಗಿಸಿದಾಗ 840 ನಾವಿಕರು ಸತ್ತರು. ಗುರಿಯಾದ ನೌಕೆಯ ಸತ್ತವರ ಸಂಖ್ಯೆ ಒಂದು ಸಾಲಿನಲ್ಲಾದರೂ ಇಲ್ಲದ ದಾಖಲೆ ಅರ್ಧದ್ದು.

ಪದಕವಿಲ್ಲ ಎಂದರೆ ಏನೂ ಮಾಡಲಿಲ್ಲ ಎಂದಲ್ಲ

ಸ್ಮರಣೆ ಅಸಮವಾದದ್ದಕ್ಕೆ ದೊಡ್ಡ ಕಾರಣ ಪದಕದ ನಿಯಮಗಳು. ಆಗಿನ ಬ್ರಿಟಿಷ್ ನಿಯಮದಲ್ಲಿ ಶತ್ರುವಿನೆದುರು ಹೋರಾಡಿ ಸತ್ತವರಿಗೆ ಕೊಡಲು ಇದ್ದದ್ದು ಎರಡೇ: ತುದಿಯಲ್ಲಿ ವಿಕ್ಟೋರಿಯಾ ಕ್ರಾಸ್, ಇಲ್ಲವೇ ಬುಡದಲ್ಲಿ ವರದಿಯಲ್ಲಿ ಹೆಸರು ಸೂಚಿಸುವ ಗೌರವ. ನಡುವಿನ ಪದಕಗಳು ಬದುಕಿದ್ದವರಿಗೆ ಮಾತ್ರ. ಈ ಕಟ್ಟು ಸಡಿಲಿದ್ದು 1979ರಲ್ಲಿ. 1942ರ ಫೆಬ್ರುವರಿ 12ರಂದು ಇಂಗ್ಲಿಷ್ ಕಾಲುವೆಯಲ್ಲಿ ಹಾದುಹೋಗುತ್ತಿದ್ದ ಜರ್ಮನ್ ನೌಕೆಗಳ ಮೇಲೆ ಇಂಗ್ಲೆಂಡಿನ ಮ್ಯಾನ್‌ಸ್ಟನ್ ವಾಯುನೆಲೆಯಿಂದ 825ನೇ ಸ್ಕ್ವಾಡ್ರನ್ನಿನ ಆರು ಸ್ವೋರ್ಡ್‌ಫಿಶ್‌ಗಳು ಹೋದವು. ಆರೂ ಬಿದ್ದವು. 18 ಮಂದಿಯಲ್ಲಿ 13 ಮಂದಿ ಸತ್ತರು. ನಾಯಕ ಯೂಜೀನ್ ಎಸ್ಮಂಡ್‌ಗೆ ವಿಕ್ಟೋರಿಯಾ ಕ್ರಾಸ್ ಸಿಕ್ಕಿತು. ಬದುಕಿದ ನಾಲ್ವರು ಅಧಿಕಾರಿಗಳಿಗೆ ಡಿಎಸ್‌ಒ (ಡಿಸ್ಟಿಂಗ್ವಿಶ್ಡ್ ಸರ್ವಿಸ್ ಆರ್ಡರ್), ಗನ್ನರ್ ಡಾನಲ್ಡ್ ಬನ್ಸ್‌ಗೆ ಶೌರ್ಯದ ಸಿಜಿಎಂ (ಕಾನ್‌ಸ್ಪಿಕ್ಯುಅಸ್ ಗ್ಯಾಲಂಟ್ರಿ ಮೆಡಲ್) ಬಂದವು. ಸತ್ತ ಉಳಿದವರಿಗೆ ವರದಿಯಲ್ಲಿ ಹೆಸರಷ್ಟೇ. ಒಂದೇ ದಾಳಿಗೆ ಅಧಿಕಾರಿಗೊಂದು, ಗನ್ನರ್‌ಗೊಂದು ಪದಕ ಏಕೆ ಎಂದರೆ ಅದೂ ದರ್ಜೆಯ ನಿಯಮ. ಮಿಡ್‌ವೇಯಲ್ಲೂ ಎಂಟನೇ ಸ್ಕ್ವಾಡ್ರನ್ನಿನ ಪೈಲಟ್‌ಗಳಿಗೆ ನೇವಿ ಕ್ರಾಸ್ ಕೊಟ್ಟರೆ, ಅವರ ಬೆನ್ನಿಗೆ ಬೆನ್ನು ಕೊಟ್ಟು ಕೂತಿದ್ದ ಗನ್ನರ್‌ಗಳಿಗೆ ಕೊಟ್ಟದ್ದು ಅದಕ್ಕಿಂತ ಕೆಳಗಿನ ಡಿಎಫ್‌ಸಿ (ಡಿಸ್ಟಿಂಗ್ವಿಶ್ಡ್ ಫ್ಲೈಯಿಂಗ್ ಕ್ರಾಸ್).

ಹೀಗಾಗಿ ಪದಕಪಟ್ಟಿಯಿಂದ ಹುಡುಕಾಟ ಶುರು ಮಾಡಿದರೆ ಹಿಂದಿನ ಆಸನದವರು ಮತ್ತೆ ಬಿಟ್ಟುಹೋಗುತ್ತಾರೆ.

ಕಾರ್ಡು ಹೀಗಿರಲಿ

ಒಂದು ವಿಮಾನಕ್ಕೆ ಒಂದು ಕಾರ್ಡು ಸಾಕು. ಮಾದರಿ:

ವಿಮಾನ: ಬ್ರಿಸ್ಟಲ್ ಬೋಫರ್ಟ್, ಸರಣಿ ಸಂಖ್ಯೆ ಎನ್1016, ಗುರುತಕ್ಷರ ಓಎ-ಎಕ್ಸ್.
ಘಟಕ: 22ನೇ ಸ್ಕ್ವಾಡ್ರನ್, ಕೋಸ್ಟಲ್ ಕಮಾಂಡ್. ಹೊರಟ ನೆಲೆ ಸೇಂಟ್ ಈವಲ್, ಕಾರ್ನ್‌ವಾಲ್.
ದಿನ: 1941 ಏಪ್ರಿಲ್ 6.
ಸಿಬ್ಬಂದಿ: ಫ್ಲೈಯಿಂಗ್ ಆಫೀಸರ್ ಕೆನೆತ್ ಕ್ಯಾಂಬೆಲ್, ಸಾರ್ಜೆಂಟ್ ಜೇಮ್ಸ್ ಫಿಲಿಪ್ ಸ್ಕಾಟ್, ಕೆನಡಾ ವಾಯುಪಡೆ, ಸಾರ್ಜೆಂಟ್ ರಾಲ್ಫ್ ವಾಲ್ಟರ್ ಹಿಲ್‌ಮನ್, ಸಾರ್ಜೆಂಟ್ ವಿಲಿಯಂ ಸೆಸಿಲ್ ಮಲ್ಲಿಸ್.
ಗುರಿ: ಗ್ನೈಸೆನಾವ್, ಬ್ರೆಸ್ಟ್ ಬಂದರು. ಹಿಂಬದಿಗೆ ಟಾರ್ಪೆಡೊ ತಾಗಿದ್ದು ಜರ್ಮನ್ ಕಡೆಯಿಂದಲೂ ದೃಢ.
ಸಮಾಧಿ: ನಾಲ್ವರದೂ ಬ್ರೆಸ್ಟ್‌ನ ಕೆರ್ಫೋತ್ರಾ ಸ್ಮಶಾನ.

ಪ್ರತಿ ಸಾಲಿನ ಎದುರು ಅದು ಎಲ್ಲಿಂದ ಸಿಕ್ಕಿತು ಎಂದು ಬರೆಯಿರಿ. ಸರಣಿ ಸಂಖ್ಯೆ ಮತ್ತು ಗುರುತಕ್ಷರ ಎರಡೂ ಬೇಕು. ಗುರುತಕ್ಷರ ಸ್ಕ್ವಾಡ್ರನ್ನಿನದ್ದು, ಒಂದು ವಿಮಾನ ಹೋದರೆ ಅದೇ ಅಕ್ಷರ ಮುಂದಿನದಕ್ಕೆ ಬರುತ್ತದೆ. ಸರಣಿ ಸಂಖ್ಯೆ ಮರಳಿ ಬರುವುದಿಲ್ಲ. ಈ ಕಾರ್ಡಿನಲ್ಲಿ ಸ್ಕಾಟ್ ಕೆನಡಾದವನು ಎಂಬ ಒಂದೇ ಪದದಿಂದ ಇನ್ನೊಂದು ಬಾಗಿಲು ತೆರೆಯುತ್ತದೆ. ಯುದ್ಧದಲ್ಲಿ ಸತ್ತ ಕೆನಡಾದವರ ಸೇವಾ ಕಡತಗಳು ಅಲ್ಲಿನ ಗ್ರಂಥಾಲಯ ಮತ್ತು ಪತ್ರಾಗಾರದಲ್ಲಿ ಸಾರ್ವಜನಿಕರಿಗೆ ಮುಕ್ತವಾಗಿವೆ. ಒಂದೇ ಬೋಫರ್ಟ್‌ನಲ್ಲಿ ಎರಡು ಮೂರು ದೇಶದವರು ಇರುತ್ತಿದ್ದರು, ಆದ್ದರಿಂದ ಪ್ರತಿಯೊಬ್ಬರ ಪಡೆಯ ಹೆಸರನ್ನೂ ಬೇರೆಯಾಗಿ ನೋಡಿ. ಕನ್ನಡದಲ್ಲಿ ಬರೆದಾಗ ಹೆಸರಿನ ಮೂಲ ಕಾಗುಣಿತವನ್ನೂ ಕಾರ್ಡಿನಲ್ಲಿ ಇಟ್ಟುಕೊಳ್ಳಿ. ಮುಂದೆ ಬರುವವರಿಗೆ ಹುಡುಕಲು ಅದಿಲ್ಲದೆ ಆಗದು.

ಚಿತ್ರ ಸೇರಿಸುವುದಾದರೆ ಎದೆಯ ಮೇಲಿನ ಬ್ಯಾಡ್ಜ್ ನೋಡಿ. ಬ್ರಿಟಿಷ್ ವಾಯುಪಡೆಯಲ್ಲಿ ಜೋಡಿ ರೆಕ್ಕೆ ಪೈಲಟ್‌ನದು, ಒಂಟಿ ರೆಕ್ಕೆ ಉಳಿದವರದು. ನ್ಯಾವಿಗೇಟರ್‌ನ 'ಎನ್' ಅಕ್ಷರ ಬಂದದ್ದು 1942ರಲ್ಲಿ, ಅದಕ್ಕೆ ಮುಂಚೆ ಅಬ್ಸರ್ವರ್‌ನ 'ಓ'. 1941ರಲ್ಲಿ ಸತ್ತವರ ಚಿತ್ರದಲ್ಲಿ 'ಎನ್' ಕಂಡರೆ ಚಿತ್ರ ಬೇರೆಯವರದು. ನೌಕಾಪಡೆಯ ಪೈಲಟ್‌ನ ರೆಕ್ಕೆ ಎದೆಯ ಮೇಲಲ್ಲ, ಎಡ ತೋಳಿನ ಮೇಲೆ.

ಸ್ಥಳಕ್ಕೆ ಹೋಗುವವರಿಗೆ

ಫಲಕ ಸಂಖ್ಯೆ ಬರೆದುಕೊಂಡೇ ಹೊರಡಿ. ರನ್ನಿಮೀಡ್‌ನಲ್ಲಿ ಹೆಸರುಗಳು ಕಿರಿದಾದ ಕಿಟಕಿಗಳ ಪಕ್ಕದ ಕಲ್ಲಿನ ಮೇಲಿವೆ. ಬೆಳಕು ಓರೆಯಾಗಿ ಬಿದ್ದಾಗ ಮಾತ್ರ ಅಕ್ಷರ ಚಿತ್ರದಲ್ಲಿ ಎದ್ದು ಕಾಣುತ್ತದೆ, ಫ್ಲಾಶ್ ಹಾಕಿದರೆ ಚಪ್ಪಟೆಯಾಗುತ್ತದೆ. ಅಕ್ಷರ ಕಾಣಲೆಂದು ಸೀಮೆಸುಣ್ಣ, ಹಿಟ್ಟು ಬಳಿಯುವುದು ಕಲ್ಲನ್ನು ಹಾಳು ಮಾಡುತ್ತದೆ, ನೀರು ಕೂಡ ಬೇಡ. ಎಸ್ಮಂಡ್ ಅವರ ಸಮಾಧಿ ಕೆಂಟ್‌ನ ಜಿಲಿಂಗಮ್‌ನಲ್ಲಿದೆ. 825ನೇ ಸ್ಕ್ವಾಡ್ರನ್ನಿನ ದಾಳಿಯ ಸ್ಮಾರಕಗಳು ರಾಮ್ಸ್‌ಗೇಟ್ ಬಂದರಿನಲ್ಲೂ ಡೋವರ್‌ನಲ್ಲೂ ಇವೆ.

ವಿಮಾನವನ್ನೇ ನೋಡಬೇಕೆಂದರೆ ಯೋವಿಲ್ಟನ್‌ನ ಫ್ಲೀಟ್ ಏರ್ ಆರ್ಮ್ ವಸ್ತುಸಂಗ್ರಹಾಲಯದಲ್ಲಿ ಸ್ವೋರ್ಡ್‌ಫಿಶ್ ಜೊತೆಗೆ ಉಳಿದಿರುವ ಒಂದೇ ಆಲ್ಬಕೋರ್ ಇದೆ. ಆಸ್ಟ್ರೇಲಿಯಾ 700 ಬೋಫರ್ಟ್‌ಗಳನ್ನು ತಾನೇ ಕಟ್ಟಿತ್ತು, ಒಂದು ಅಲ್ಲಿನ ಯುದ್ಧ ಸ್ಮಾರಕದ ಸಂಗ್ರಹದಲ್ಲಿದೆ. ಇಡಿಯಾದ ಡಿವಾಸ್ಟೇಟರ್ ಯಾವ ವಸ್ತುಸಂಗ್ರಹಾಲಯದಲ್ಲೂ ಇಲ್ಲ, ಉಳಿದವು ಸಮುದ್ರದಡಿಯಲ್ಲಿವೆ. ಸ್ವೋರ್ಡ್‌ಫಿಶ್ ಎದುರು ನಿಂತಾಗ ಹಿಂದಿನ ಆಸನದ ಎತ್ತರ ಗಮನಿಸಿ. ಮೇಲೆ ಮುಚ್ಚಳವಿಲ್ಲ, ಸುತ್ತ ಇರುವುದು ಲೋಹದ ಚೌಕಟ್ಟಿಗೆ ಎಳೆದು ಹೊದಿಸಿದ ಬಟ್ಟೆ. ಗನ್ನರ್ ಹಿಮ್ಮುಖವಾಗಿ ನಿಂತು, ಬೆನ್ನಟ್ಟಿ ಬರುವ ಫೈಟರ್ ಕಡೆಗೆ ಒಂದೇ ಮೆಷಿನ್‌ಗನ್ ತಿರುಗಿಸುತ್ತಿದ್ದ. ಮುಂದಿದ್ದವರ ಜೊತೆ ಮಾತಾಡಲು ಇದ್ದದ್ದು ಒಂದು ರಬ್ಬರ್ ಕೊಳವೆ.

ಬಿದ್ದ ವಿಮಾನದ ಅವಶೇಷ ಎಲ್ಲೇ ಕಂಡರೂ ಮುಟ್ಟಬಾರದು. ಬ್ರಿಟನ್ನಿನಲ್ಲಿ 1986ರ ಸೈನಿಕ ಅವಶೇಷ ಸಂರಕ್ಷಣಾ ಕಾಯ್ದೆ ಸೇವೆಯಲ್ಲಿದ್ದಾಗ ಬಿದ್ದ ಎಲ್ಲ ಸೈನಿಕ ವಿಮಾನಗಳನ್ನೂ ತಾನಾಗಿಯೇ ರಕ್ಷಿಸುತ್ತದೆ. ಅಗೆಯಲು ರಕ್ಷಣಾ ಸಚಿವಾಲಯದ ಪರವಾನಗಿ ಬೇಕು. ಅಮೆರಿಕದ ಮುಳುಗಿದ ಸೈನಿಕ ವಿಮಾನ, ನೌಕೆಗಳಿಗೆ 2004ರ ಕಾಯ್ದೆ ಇದೆ. ಎಷ್ಟೇ ವರ್ಷ ಕಳೆದರೂ ಅವು ಸರ್ಕಾರದ ಸೊತ್ತೇ. ಸಿಬ್ಬಂದಿಯ ದೇಹ ಸಿಗದ ವಿಮಾನ ಎಂದರೆ ಅದೇ ಅವರ ಸಮಾಧಿ ಎಂದು ಭಾವಿಸಿ. ನಿಖರ ಸ್ಥಾನವನ್ನು ಪ್ರಕಟಿಸದೆ, ಆಯಾ ದೇಶದ ಸೇನಾ ಶೋಧ ಸಂಸ್ಥೆಗೆ ತಿಳಿಸಿ.

ಫಲಕ ಹಾಕಿಸುವುದು, ತಪ್ಪು ತಿದ್ದಿಸುವುದು

ಹೊಸ ಫಲಕದಲ್ಲಿ ಹೆಸರುಗಳು ಒಂದೇ ಗಾತ್ರದ ಅಕ್ಷರದಲ್ಲಿರಲಿ. ದರ್ಜೆಯ ಕ್ರಮ ಬೇಡವೆಂದರೆ ಆಸನದ ಕ್ರಮ ಹಿಡಿಯಿರಿ: ಪೈಲಟ್, ನ್ಯಾವಿಗೇಟರ್, ವೈರ್‌ಲೆಸ್, ಗನ್ನರ್. ಬದುಕುಳಿದವರನ್ನೂ ಬಿಡಬೇಡಿ, ಅವರೂ ಅದೇ ಸಿಬ್ಬಂದಿ. ಪೂರ್ತಿ ಹೆಸರು, ವಯಸ್ಸು, ಪಡೆ, ವಿಮಾನದ ಸಂಖ್ಯೆ, ದಿನ ಇಷ್ಟಿದ್ದರೆ ಓದುಗನೇ ಮುಂದಿನದನ್ನು ಹುಡುಕಿಕೊಳ್ಳುತ್ತಾನೆ. 'ವೀರಾವೇಶದಿಂದ' ಮುಂತಾದ ಪದಗಳು ಜಾಗ ತಿನ್ನುತ್ತವೆ. ಕೆತ್ತುವ ಮುನ್ನ ಪಠ್ಯವನ್ನು ಕುಟುಂಬಕ್ಕೂ, ಈ ಕೆಲಸ ಗೊತ್ತಿರುವ ಇನ್ನೊಬ್ಬರಿಗೂ ತೋರಿಸಿ. ಕಲ್ಲಿನ ಮೇಲಿನ ತಪ್ಪು ಕಾಗುಣಿತ ಹತ್ತು ಜಾಲತಾಣಗಳಿಗೆ ಹರಡುತ್ತದೆ. ಜಾಗದ ಒಡೆಯರ ಬರಹದ ಒಪ್ಪಿಗೆ, ಮುಂದೆ ಯಾರು ತೊಳೆದು ನೋಡಿಕೊಳ್ಳುತ್ತಾರೆ ಎಂಬುದು, ಎರಡೂ ಮೊದಲೇ ಕಾಗದದಲ್ಲಿರಲಿ.

ಯುದ್ಧಸಮಾಧಿ ಆಯೋಗದ ದಾಖಲೆಯಲ್ಲಿ ತಪ್ಪು ಕಂಡರೆ ತಿದ್ದಿಸಬಹುದು. ಅದಕ್ಕೆ ಸಮಕಾಲೀನ ಪುರಾವೆ ಬೇಕು: ಜನನ ದಾಖಲೆ, ಸೇವಾ ಕಡತ, 541ನೇ ನಮೂನೆಯ ಪುಟ. ಇನ್ನೊಂದು ಜಾಲತಾಣದ ಪುಟ ಪುರಾವೆಯಲ್ಲ, ಅದು ಬಹುಪಾಲು ಆಯೋಗದ ಪಟ್ಟಿಯಿಂದಲೇ ನಕಲಾಗಿರುತ್ತದೆ. ಒಂದು ಅರ್ಜಿಯಲ್ಲಿ ಒಬ್ಬರದೇ ವಿಷಯ ಬರೆಯಿರಿ, ಸೇವಾ ಸಂಖ್ಯೆಯನ್ನು ಮೊದಲ ಸಾಲಲ್ಲೇ ಹಾಕಿ, ಪುರಾವೆಯ ಚಿತ್ರದಲ್ಲಿ ಪುಟದ ಮೇಲಿನ ಕಡತ ಸಂಖ್ಯೆ ಕಾಣುವಂತೆ ತೆಗೆಯಿರಿ. ಉತ್ತರ ಬರುವ ತನಕ ನಿಮ್ಮ ಕಾರ್ಡಿನಲ್ಲಿ ಹಳೆಯ ರೂಪ, ಹೊಸ ರೂಪ ಎರಡನ್ನೂ ಉಳಿಸಿಕೊಳ್ಳಿ.